ಲಿನಕ್ಸ್ ಕಂಪ್ಯೂಟರ್ ಬೇಗ ಆಫ್ ಆಗದಿದ್ದರೆ

ಬೆಂಗಳೂರಿನ ಬಸವನಗುಡಿಯ ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೀಂ ಕೀಂ ಎನ್ನುತ್ತಿರುವಾಗ, ಷಟ್‌ಡೌನ್ ಒತ್ತಿದರೂ ಲಿನಕ್ಸ್ ಕಂಪ್ಯೂಟರ್ ಒಂದೂವರೆ ನಿಮಿಷ ಆಫ್ ಆಗದೆ ನಿಂತಿರುತ್ತಿತ್ತು. ಈ ಅವಧಿ ಆಕಸ್ಮಿಕವಲ್ಲ: ಯಾವುದಾದರೂ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ನಿಲ್ಲದಿದ್ದರೆ, ಇವನ್ನೆಲ್ಲ ಆರಂಭಿಸಿ ನಿಲ್ಲಿಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು, ಆಮೇಲೆ ಅದನ್ನು ಬಲವಂತವಾಗಿ ನಿಲ್ಲಿಸುತ್ತದೆ.

ಮೊದಲು ತಡಮಾಡುತ್ತಿರುವುದು ಯಾವುದೆಂದು ಗುರುತಿಸಬೇಕು. ಆಫ್ ಆಗುವಾಗ ಎಸ್ಕೇಪ್ ಕೀ ಒತ್ತಿದರೆ ಸಾಮಾನ್ಯವಾಗಿ ಲೋಗೋ ಸರಿದು, ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್ ಫಾರ್’ ಎಂಬ ಸಾಲಿನಲ್ಲಿ ಸರ್ವಿಸಿನ ಹೆಸರೂ ಕಳೆದ ಸೆಕೆಂಡುಗಳೂ ಕಾಣುತ್ತವೆ. ಅದು ಕಣ್ತಪ್ಪಿದರೆ, ಮತ್ತೆ ಆನ್ ಮಾಡಿದ ಬಳಿಕ ಟರ್ಮಿನಲ್‌ನಲ್ಲಿ ಲಾಗ್ (ಕಂಪ್ಯೂಟರ್ ಬರೆದಿಡುವ ದಾಖಲೆ) ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡಿಗೆ ‘ಮೈನಸ್ ಬಿ’, ‘ಮೈನಸ್ 1’ ಸೇರಿಸಿ, ಹಿಂದಿನ ಬೂಟ್‌ನ ಲಾಗ್‌ನ ಕೊನೆಯ ಸಾಲುಗಳಲ್ಲಿ ‘ಟೈಮ್ಡ್ ಔಟ್’ ಎಂಬುದನ್ನು ಹುಡುಕಬೇಕು.

ನನಗೆ ಸಿಕ್ಕಿದ್ದು ಎನ್‌ಎಫ್‌ಎಸ್ ಮೌಂಟ್, ಅಂದರೆ ನೆಟ್‌ವರ್ಕ್ ಮೂಲಕ ಜೋಡಿಸಿಕೊಂಡ ಬೇರೆ ಯಂತ್ರದ ಫೋಲ್ಡರ್. ಮಹಡಿಯ ಕೋಣೆಯ ನೆಟ್‌ವರ್ಕ್ ಡ್ರೈವಿಗೆ ಯುಪಿಎಸ್ ಇರಲಿಲ್ಲ. ಕರೆಂಟಿನೊಂದಿಗೇ ಆರಿಹೋಗಿದ್ದ ಅದರ ಉತ್ತರಕ್ಕಾಗಿ ಕಂಪ್ಯೂಟರ್ ಪಾಪ ಕಾಯುತ್ತಿತ್ತು! ಡ್ರೈವನ್ನೂ ರೂಟರನ್ನೂ ಯುಪಿಎಸ್‌ಗೆ ಸೇರಿಸಿದ ಮೇಲೆ ತೊಂದರೆ ತಪ್ಪಿತು.

ತಡಮಾಡುತ್ತಿರುವುದು ಸರ್ವಿಸ್ ಆಗಿದ್ದರೆ, ಸಿಸ್ಟಮ್‌ಡಿಯ ಸಿಸ್ಟಮ್ ಡಾಟ್ ಕಾನ್ಫ್ ಫೈಲಿನಲ್ಲಿ ಕಾಯುವ ಅವಧಿಯನ್ನು ಹೇಳುವ ಡೀಫಾಲ್ಟ್‌ಟೈಮ್‌ಔಟ್‌ಸ್ಟಾಪ್‌ಸೆಕ್ ಅನ್ನು 15 ಸೆಕೆಂಡಿಗೆ ಇಳಿಸಲೂಬಹುದು. ಆದರೆ ಡೇಟಾಬೇಸ್ ಓಡುವ ಯಂತ್ರದಲ್ಲಿ ಹಾಗೆ ಮಾಡಬಾರದು, ಏಕೆಂದರೆ ಬರವಣಿಗೆ ಅರ್ಧಕ್ಕೇ ನಿಂತೀತು.