ಬೇಸಿಗೆಯ ಮುನ್ನೋಟವನ್ನು ನಮ್ಮ ಊರಿಗೆ ಇಳಿಸಿಕೊಳ್ಳುವುದು ಹೇಗೆ?

ಪ್ರತಿ ವರ್ಷ ಫೆಬ್ರುವರಿ ಮುಗಿಯುವ ಹೊತ್ತಿಗೆ ಭಾರತ ಹವಾಮಾನ ಇಲಾಖೆಯು ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯ ಮುನ್ನೋಟವನ್ನು ಪ್ರಕಟಿಸುತ್ತದೆ. ಮಾರ್ಚ್ ಕೊನೆಯ ಹೊತ್ತಿಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಮುನ್ನೋಟವೂ ಬರುತ್ತದೆ. ‘ಈ ಬಾರಿ ಬಿಸಿಲು ವಾಡಿಕೆಗಿಂತ ಹೆಚ್ಚು’ ಎಂಬ ಒಂದು ಸಾಲು ಮಾತ್ರ ಜನರ ನೆನಪಿನಲ್ಲಿ ಉಳಿಯುತ್ತದೆ. ಆ ಸಾಲನ್ನು ಘಟ್ಟದ ಕಣಕುಂಬಿಯ ಗೇರು ತೋಟದವರೂ ಬಯಲಿನ ಅಥಣಿಯ ದ್ರಾಕ್ಷಿ ಬೆಳೆಗಾರರೂ ಒಂದೇ ರೀತಿ ಓದಿಕೊಂಡರೆ ಇಬ್ಬರಿಗೂ ಅದರಿಂದ ಪ್ರಯೋಜನವಾಗದು. ಬೆಳಗಾವಿ ಜಿಲ್ಲೆಯ ಪಡುವಣ ಅಂಚು ಸಹ್ಯಾದ್ರಿಯ ನೆತ್ತಿಯಾದರೆ ಮೂಡಣ ಅಂಚು ಕೃಷ್ಣೆಯ ಬಯಲು. ವರ್ಷಕ್ಕೆ ಹಲವು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಮಗಾಂವ್ ಮತ್ತು 600 ಮಿಲಿಮೀಟರ್ ಆಚೀಚೆ ಮಳೆ ಕಾಣುವ ಅಥಣಿ, ಎರಡೂ ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಉತ್ತರ ಒಳನಾಡು’ ಎಂಬ ಒಂದೇ ಉಪವಿಭಾಗಕ್ಕೆ ಸೇರುತ್ತವೆ. ಆದ್ದರಿಂದ ಮುನ್ನೋಟವನ್ನು ನಮ್ಮ ಊರಿಗೆ ಇಳಿಸಿಕೊಳ್ಳುವ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು.

ಮೊದಲಿಗೆ, ಮುನ್ನೋಟದ ಜೊತೆಗೆ ಬರುವ ನಕ್ಷೆಯ ಶೇಕಡಾವಾರು ಅಂಕಿಯನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ. ಮೂವತ್ತು ವರ್ಷಗಳ ಬೇಸಿಗೆಗಳನ್ನು ತಂಪಿನಿಂದ ಬಿಸಿಗೆ ಸಾಲಾಗಿ ಜೋಡಿಸಿ ಮೂರು ಸಮಪಾಲು ಮಾಡಿದರೆ, ಸಾಲಿನ ಕೊನೆಯ, ಅಂದರೆ ಹೆಚ್ಚು ಬಿಸಿಯಾದ ಹತ್ತು ಬೇಸಿಗೆಗಳ ಪಾಲಿಗೆ ‘ವಾಡಿಕೆಗಿಂತ ಹೆಚ್ಚು’ ಎಂದು ಹೆಸರು. ಏನೂ ಸುಳಿವು ಇಲ್ಲದಿದ್ದರೆ ಮೂರು ಪಾಲಿಗೂ ಸುಮಾರು ಶೇ 33ರಷ್ಟು ಸಾಧ್ಯತೆ ಇರುತ್ತದೆ. ನಮ್ಮ ಭಾಗದ ಮೇಲೆ ‘ಹೆಚ್ಚು’ ಎಂಬುದಕ್ಕೆ ಶೇ 55 ಎಂದು ತೋರಿಸಿದ್ದರೆ, ಬಿಸಿಲು ಶೇ 55ರಷ್ಟು ಏರುತ್ತದೆ ಎಂದಲ್ಲ. ಬಿಸಿ ಬೇಸಿಗೆಗಳ ಪಾಲಿಗೆ ಈ ವರ್ಷ ಸೇರುವ ಸಾಧ್ಯತೆ ನೂರಕ್ಕೆ 55, ಸೇರದಿರುವ ಸಾಧ್ಯತೆ 45 ಎಂದಷ್ಟೇ ಅರ್ಥ. ಎಷ್ಟು ಡಿಗ್ರಿ ಏರುತ್ತದೆ, ಯಾವ ವಾರ ಏರುತ್ತದೆ ಎಂಬುದನ್ನು ಆ ನಕ್ಷೆ ಹೇಳುವುದಿಲ್ಲ.

ಗರಿಷ್ಠ ಉಷ್ಣಾಂಶದ ನಕ್ಷೆಯ ಪಕ್ಕದಲ್ಲಿಯೇ ಕನಿಷ್ಠ ಉಷ್ಣಾಂಶದ ನಕ್ಷೆಯೂ ಇರುತ್ತದೆ. ಅದನ್ನು ಬಿಟ್ಟುಬಿಡಬಾರದು. ಹಗಲಿನ ಬಿಸಿಯನ್ನು ದೇಹ ರಾತ್ರಿಯ ತಂಪಿನಲ್ಲಿ ಕಳೆದುಕೊಳ್ಳುತ್ತದೆ; ರಾತ್ರಿಯೂ ಇಳಿಯದಿದ್ದರೆ ತಗಡಿನ ಮನೆಗಳಲ್ಲಿರುವವರಿಗೆ, ವಯಸ್ಸಾದವರಿಗೆ, ಕೊಟ್ಟಿಗೆಯ ಹೈನುರಾಸುಗಳಿಗೆ ಮರುದಿನದ ಬಿಸಿಲು ಇಮ್ಮಡಿಯಾಗಿ ತಟ್ಟುತ್ತದೆ.

ಎರಡನೆಯ ಹೆಜ್ಜೆ, ನಮ್ಮ ಊರಿನ ಎತ್ತರವನ್ನೂ ಘಟ್ಟದಿಂದ ಇರುವ ದೂರವನ್ನೂ ಲೆಕ್ಕಕ್ಕೆ ತರುವುದು. ಒಂದು ಕಿಲೋಮೀಟರ್ ಎತ್ತರಕ್ಕೆ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಥಣಿ ಅದಕ್ಕಿಂತ ಸುಮಾರು 200 ಮೀಟರ್ ಕೆಳಗಿದೆ. ಈ ಲೆಕ್ಕದಲ್ಲಿ ಎರಡೂ ಊರುಗಳ ನಡುವೆ ಒಂದು ಡಿಗ್ರಿಗಿಂತ ತುಸು ಹೆಚ್ಚಿನ ಅಂತರವಷ್ಟೇ ಸಿಗಬೇಕು. ಆದರೆ ಏಪ್ರಿಲ್‌ನಲ್ಲಿ ಬೆಳಗಾವಿಯಿಂದ ಬಸ್ಸು ಹತ್ತಿ ಅಥಣಿಯಲ್ಲಿ ಇಳಿದವರಿಗೆ ಮುಖಕ್ಕೆ ರಾಚುವ ಜಳ ಅಷ್ಟಕ್ಕೇ ನಿಲ್ಲುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಪಡುಗಾಳಿ. ಮಧ್ಯಾಹ್ನದ ನಂತರ ಅರಬ್ಬಿ ಸಮುದ್ರದ ಕಡೆಯ ತೇವದ ಗಾಳಿ ಘಟ್ಟ ಹತ್ತಿ ಜಾಂಬೋಟಿ, ಖಾನಾಪುರದ ಮೇಲೆ ಹಾದು ಸಂಜೆಯ ಹೊತ್ತಿಗೆ ಬೆಳಗಾವಿಯನ್ನು ಮುಟ್ಟುತ್ತದೆ. ಮುಂದಕ್ಕೆ ಸಾಗಿದಂತೆ ಅದು ಒಣಗಿ ಬಿಸಿಯಾಗುತ್ತದೆ, ಜೊತೆಗೆ ಬಯಲಿನ ಬೋಳು ಎರೆಭೂಮಿ ಹಗಲೆಲ್ಲ ಕಾದಿರುತ್ತದೆ. ಆದ್ದರಿಂದ ನಿಮ್ಮ ಊರಿಗೆ ಪಡುಗಾಳಿ ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಡಿ. ಎತ್ತರದ ಅಂಕಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ.

ಮೂರನೆಯದು, ಎಚ್ಚರಿಕೆಯ ಮಾನದಂಡವನ್ನು ತಿಳಿದುಕೊಳ್ಳುವುದು. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಅದು ಬಿಸಿಗಾಳಿ, ವ್ಯತ್ಯಾಸ 6.4 ಡಿಗ್ರಿ ದಾಟಿದರೆ ತೀವ್ರ ಬಿಸಿಗಾಳಿ. ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಸತತವಾಗಿ ಹೀಗಿದ್ದರೆ ಮಾತ್ರ ಅಧಿಕೃತ ಘೋಷಣೆಯಾಗುತ್ತದೆ. ಗುಡ್ಡಗಾಡಿಗೆ ಈ ಮಿತಿ 30 ಡಿಗ್ರಿ. ಏಪ್ರಿಲ್‌ನಲ್ಲಿ ಬೆಳಗಾವಿಯ ಸರಾಸರಿ ಗರಿಷ್ಠ ಉಷ್ಣಾಂಶ 36 ಡಿಗ್ರಿಯ ಸುತ್ತಮುತ್ತ ಇರುವುದರಿಂದ, 39 ಡಿಗ್ರಿ ತಲುಪಿ ಜನ ಬಸವಳಿದ ದಿನವೂ ಯಾವ ಘೋಷಣೆಯೂ ಬರದಿರಬಹುದು. ಎಚ್ಚರಿಕೆ ಬಂದಿಲ್ಲ ಎಂದ ಮಾತ್ರಕ್ಕೆ ಕಬ್ಬಿನ ಗದ್ದೆಯಲ್ಲಿ, ರಸ್ತೆ ಕಾಮಗಾರಿಯಲ್ಲಿ ಹನ್ನೆರಡರಿಂದ ಮೂರರವರೆಗೆ ಆಳುಗಳನ್ನು ದುಡಿಸುವುದು ಸರಿಯಲ್ಲ. ನಿಮ್ಮ ಊರಿನ ವಾಡಿಕೆಗಿಂತ ಮೂರು ಡಿಗ್ರಿ ಹೆಚ್ಚಾದ ದಿನವೇ ಕೆಲಸದ ವೇಳೆಯನ್ನು ಬೆಳಗಿಗೆ ಬದಲಾಯಿಸಿಕೊಳ್ಳಿ.

ನಾಲ್ಕನೆಯದಾಗಿ ಮಳೆ. ಬಿಸಿಲು ಹೆಚ್ಚು ಎಂದರೆ ಮಳೆ ಇಲ್ಲ ಎಂದಲ್ಲ. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತಿದ್ದೇನೆ. ಒಂದು ವರ್ಷ ಮುನ್ನೋಟವನ್ನು ಅವಸರದಲ್ಲಿ ಓದಿ, ಬೈಲಹೊಂಗಲದ ಸಮೀಪದ ನಮ್ಮ ಹೊಲದಲ್ಲಿ ಜೋಳದ ಕಣಿಕೆಯ ಬಣವೆಗೆ ತಾಡಪತ್ರಿ ಹೊದಿಸದೆ ಬಿಟ್ಟಿದ್ದೆ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಎಲೆ ಅಲುಗದಂತಹ ಕುದಿ ಇತ್ತು. ‘ಕುದಿ ಭಾಳ ಆತಂದ್ರ ಮಳಿ ದೂರಿಲ್ಲಪಾ’ ಎಂದು ನೆರೆಹೊಲದ ಕಾಕಾ ಹೇಳಿ ಎರಡು ತಾಸು ಕಳೆದಿರಲಿಲ್ಲ, ಆಲಿಕಲ್ಲಿನೊಂದಿಗೆ ಅಡ್ಡಮಳೆ ಬಿತ್ತು. ಮೂರು ದಿನಗಳ ನಂತರ ಬಣವೆಯನ್ನು ಬಿಚ್ಚಿದಾಗ ಒಳಗಿನ ಸೂಡುಗಳು ಕೈಗೆ ಬಿಸಿಯಾಗಿ ತಾಗಿದವು, ಕಪ್ಪು ಬೂಷ್ಟು ಹಿಡಿದಿತ್ತು. ದನಗಳು ಮೂಸಿ ಮುಖ ತಿರುಗಿಸಿದವು.

ಕಾದ ನೆಲದಿಂದ ಏರುವ ಗಾಳಿಗೆ ಸಮುದ್ರದ ತೇವ ಸೇರಿದಾಗ ಗುಡುಗುಮೋಡ ಕಟ್ಟುತ್ತದೆ. ದೈನಂದಿನ ಮುನ್ಸೂಚನೆಯಲ್ಲಿ ಒಳನಾಡಿನ ಮೇಲೆ ವಾಯುಭಾರದ ತಗ್ಗು ಅಥವಾ ಗಾಳಿಯ ದಿಕ್ಕು ಬದಲಾಗುವ ರೇಖೆ ಚಾಚಿದೆ ಎಂಬ ಮಾತು ಕಂಡರೆ, ಮುಂದಿನ ಎರಡು ಮೂರು ದಿನ ಮಧ್ಯಾಹ್ನದ ನಂತರ ಎಚ್ಚರವಾಗಿರಬೇಕು. ಒಣದ್ರಾಕ್ಷಿಯ ಶೆಡ್ಡುಗಳಿಗೆ ಪರದೆ ಬಿಗಿಯಬೇಕು, ಬಲಿತ ಮಾವನ್ನು ಇಳಿಸಿಕೊಳ್ಳಬೇಕು. ಸಿಡಿಲಿನ ಮುನ್ನೆಚ್ಚರಿಕೆಗೆ ‘ದಾಮಿನಿ’ ಆ್ಯಪ್ ಇದೆ; ಕುರಿ ಕಾಯುವವರ ಫೋನಿನಲ್ಲಿ ಅದು ಇರಲೇಬೇಕು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಹಿರಿಯರು ಎದುರು ನೋಡುತ್ತಿದ್ದ ಮಳೆಯೂ ಏಪ್ರಿಲ್ ಕೊನೆಗೆ ಆರಂಭವಾಗುವ ಇದೇ ಗುಡುಗಿನ ಮಳೆಯೇ.

ನೀರಿನ ಲೆಕ್ಕ ಬೇರೆ. ರಾಕಸಕೊಪ್ಪ, ಹಿಡಕಲ್, ನವಿಲುತೀರ್ಥ ಜಲಾಶಯಗಳಲ್ಲಿ ಬೇಸಿಗೆಗೆ ಎಷ್ಟು ನೀರು ಉಳಿಯುತ್ತದೆ ಎಂಬುದನ್ನು ಮುಖ್ಯವಾಗಿ ಹಿಂದಿನ ಮಳೆಗಾಲ ನಿರ್ಧರಿಸಿರುತ್ತದೆ. ಮುಂಗಾರಿನ ಮುನ್ನೋಟವೂ ಪ್ರತ್ಯೇಕವಾಗಿ ಏಪ್ರಿಲ್ ಮಧ್ಯದಲ್ಲಿ ಮೊದಲ ಬಾರಿ, ಮೇ ಕೊನೆಯಲ್ಲಿ ಎರಡನೆಯ ಬಾರಿ ಬರುತ್ತದೆ.

ಕೊನೆಯ ಹೆಜ್ಜೆ, ಸ್ವಂತ ದಾಖಲೆ. ಮೊಬೈಲ್ ತೋರಿಸುವ ಉಷ್ಣಾಂಶ ಸಾಮಾನ್ಯವಾಗಿ ಕಂಪ್ಯೂಟರ್ ಲೆಕ್ಕದ್ದು, ನಿಮ್ಮ ಅಂಗಳದಲ್ಲಿ ಅಳೆದದ್ದಲ್ಲ. ಒಂದು ಥರ್ಮಾಮೀಟರನ್ನು ಗೋಡೆಗೆ ತಾಗದಂತೆ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ತಗಡಿನ ಚಾವಣಿಯ ಅಡಿಯಲ್ಲಿ ಇಟ್ಟರೆ ಅದು ತಗಡಿನ ಕಾವನ್ನೇ ತೋರಿಸುತ್ತದೆ. ಮಳೆಗೆ, ಬದಿಗಳು ನೇರವಾಗಿರುವ ಒಂದು ಡಬ್ಬಿ ಮತ್ತು ಅಳತೆಪಟ್ಟಿ ಸಾಕು. ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಅಂಕಿಗಳನ್ನು ಕೊಡುತ್ತದೆ. ನಿಮ್ಮ ಅಳತೆಯನ್ನು ಅದರೊಂದಿಗೆ ಹೋಲಿಸಿ ನೋಡಬಹುದು.

ಮೂರು ಬೇಸಿಗೆಗಳ ಅಂಕಿಗಳು ಒಂದು ವಹಿಯಲ್ಲಿ ಸೇರಿದರೆ, ಮುನ್ನೋಟದ ‘ವಾಡಿಕೆಗಿಂತ ಹೆಚ್ಚು’ ಎಂಬ ಮಾತು ನಿಮ್ಮ ಹಿತ್ತಿಲಲ್ಲಿ ಎಷ್ಟು ಡಿಗ್ರಿಯಾಗಿ ಕಂಡಿತು ಎಂಬ ಅಂದಾಜು ಸಿಗತೊಡಗುತ್ತದೆ. ಖಾನಾಪುರದ ಕಡೆ ಭತ್ತಕ್ಕೆ ಕೂರಿಗೆ ಹೂಡುವವರು ಮೇ ಮಧ್ಯದಿಂದ ಈ ವಹಿಯ ಜೊತೆಗೆ ಮಂಗಳವಾರ ಮತ್ತು ಶುಕ್ರವಾರದ ಕೃಷಿ ಹವಾಮಾನ ಸಲಹೆಯನ್ನೂ ಇಟ್ಟುಕೊಂಡು, ಮುಂದಿನ ಐದು ದಿನಗಳ ಮಳೆಯನ್ನು ನೋಡಿ ಬಿತ್ತನೆಯ ದಿನವನ್ನು ಗೊತ್ತುಮಾಡಿಕೊಳ್ಳಬಹುದು.