ಹೊಲಕ್ಕೆ ಹೋಗುವ ಮುಂಚೆ ಮನೆ ಮುಟ್ಟಬೇಕು: ಹಳ್ಳಿ ನರ್ಸ್ ಕೆಲಸದ ನನ್ನ ಅನುಭವ

ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಮನೆ ಭೇಟಿಗೆ ಹೊರಟರೆ ಸಿಗುವುದು ಬೀಗ. ಇಲ್ಲವೇ ಕಟ್ಟೆ ಮೇಲೆ ಕೂತ ಹಿರಿಯರು. ಗರ್ಭಿಣಿ ಎಲ್ಲಿ ಅಂತ ಕೇಳಿದರೆ, ‘ಹತ್ತಿ ಬಿಡಸಾಕ ಹೋಗ್ಯಾಳ್ರೀ’ ಅನ್ನುತ್ತಾರೆ. ಬಾಣಂತಿ ತವರಿಗೆ ಹೋಗಿರುತ್ತಾಳೆ. ದಡಾರ ಲಸಿಕೆ ಹಾಕಬೇಕಾದ ಒಂಬತ್ತು ತಿಂಗಳ ಮಗು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿರುತ್ತದೆ. ನನ್ನ ಪುಸ್ತಕದಲ್ಲಿ ಎಲ್ಲರ ಹೆಸರೂ ಇದೆ, ಊರಲ್ಲಿ ಯಾರೂ ಇಲ್ಲ.

ಆದ್ದರಿಂದ ನಾನು ನನ್ನ ಕೆಲಸದ ವೇಳೆಯನ್ನೇ ಊರಿನ ವೇಳೆಗೆ ಹೊಂದಿಸಿಕೊಂಡೆ. ಹಳ್ಳಿ ನರ್ಸ್ ಆಗುವ ಎ.ಎನ್.ಎಂ. ತರಬೇತಿ ಮುಗಿಸಿ ಮೊದಲು ಸೇರಿದ್ದು ಸಿಂಧನೂರು ಕಡೆ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಆಮೇಲೆ ಲಿಂಗಸುಗೂರು ತಾಲ್ಲೂಕಿನ ಮಳೆ ನಂಬಿದ ಹಳ್ಳಿಗಳಿಗೆ ಬಂದೆ. ಎರಡೂ ಕಡೆ ಊರಿನ ವೇಳೆ ಬೇರೆ ಬೇರೆ. ನಾಟಿ ಕಾಲದಲ್ಲಿ ಸಿಂಧನೂರು ಕಡೆಯ ಹೆಂಗಸರು ನಸುಕಿನಲ್ಲೇ ಗದ್ದೆಗೆ ಇಳಿಯುತ್ತಾರೆ. ಅಲ್ಲಿ ಸಂಜೆ ಹೋಗಬೇಕು. ಹತ್ತಿ, ತೊಗರಿ ಬೆಳೆಯುವ ಊರಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತೇ ಒಳ್ಳೆಯದು. ಒಲೆ ಮುಂದೆ ಸೊಸೆ, ಅಂಗಳದಲ್ಲಿ ಅತ್ತೆ, ಹಲ್ಲುಜ್ಜುತ್ತಾ ಗಂಡ, ಮೂವರೂ ಒಟ್ಟಿಗೆ ಸಿಗುತ್ತಾರೆ.

ಈ ಮೂವರೂ ಒಟ್ಟಿಗೆ ಸಿಗುವುದು ಬಹಳ ಮುಖ್ಯ. ಸಮುದಾಯ ಶುಶ್ರೂಷೆಯ ಪಾಠದಲ್ಲಿ ‘ಕುಟುಂಬವೇ ಸೇವೆಯ ಘಟಕ’ ಅಂತ ಓದಿರುತ್ತೇವೆ. ಪರೀಕ್ಷೆಗೆ ಬರೆದು ಮರೆಯುವ ಸಾಲು ಅದು. ಹಳ್ಳಿಗೆ ಬಂದಾಗ ಗೊತ್ತಾಯಿತು, ಗರ್ಭಿಣಿ ಏನು ತಿನ್ನಬೇಕು ಅನ್ನುವುದು ಅತ್ತೆಯ ಕೈಯಲ್ಲಿದೆ, ಯಾವಾಗ ಆಸ್ಪತ್ರೆಗೆ ಹೋಗಬೇಕು ಅನ್ನುವುದು ಗಂಡನ ಕೈಯಲ್ಲಿದೆ. ಆಕೆ ಒಬ್ಬಳಿಗೇ ಹೇಳಿ ಬಂದರೆ ಆಕೆಯ ಮೇಲೆ ಇನ್ನೊಂದು ಹೊರೆ ಹೊರಿಸಿದ ಹಾಗೆ ಅಷ್ಟೇ.

ರಕ್ತದ ಗುಳಿಗೆ ವಿಷಯ ನೋಡಿ. ಸರ್ಕಾರಿ ಪೂರೈಕೆಯ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ದಿನಕ್ಕೆ ಎರಡು. 7ಕ್ಕಿಂತ ಕೆಳಗೆ ಇಳಿದರೆ ಗುಳಿಗೆ ನಂಬಿ ಕೂರುವ ಹಾಗೇ ಇಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೊಡುವುದು ಸುಲಭ, ಕೈಗೆ ಇಟ್ಟು ಸಹಿ ಹಾಕಿಸಿಕೊಂಡರೆ ಆಯಿತು. ಆದರೆ ಎಷ್ಟೋ ಮನೆಗಳಲ್ಲಿ ಆ ಗುಳಿಗೆ ದೇವರ ಮಾಡದಲ್ಲಿ ಹಾಗೇ ಕೂತಿರುತ್ತದೆ. ‘ಗುಳಿಗಿ ನುಂಗಿದ್ರ ಕೂಸು ದಪ್ಪಾಗ್ತೈತಿ, ಹೆರಿಗಿ ಆಗಂಗಿಲ್ಲ’ ಅಂತ ಯಾರೋ ಹೇಳಿರುತ್ತಾರೆ. ಇಲ್ಲವೇ ಒಂದೆರಡು ನುಂಗಿ ಹೊಟ್ಟೆ ತೊಳಸಿದ್ದಕ್ಕೆ ಬಿಟ್ಟಿರುತ್ತಾರೆ.

ನಾನು ‘ಗುಳಿಗೆ ನುಂಗಿದಿಯಾ?’ ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಸಂಡಾಸದ ಬಣ್ಣ ಹೆಂಗೈತಿ?’ ಅಂತ ಮೆಲ್ಲಗೆ ಕೇಳುತ್ತೇನೆ. ಗುಳಿಗೆ ಹೊಟ್ಟೆಗೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಕಪ್ಪಾಗುತ್ತದೆ. ಹಾಗಾದರೆ ಹೆದರಬೇಡ ಅಂತ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಅದನ್ನೇ ನೋಡಿ ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ. ಖಾಲಿ ಪಟ್ಟಿ ಎಸೆಯಬೇಡ, ಡಬ್ಬಿಯಲ್ಲಿ ಹಾಕಿಡು ಅಂತಲೂ ಹೇಳುತ್ತೇನೆ. ಮುಂದಿನ ಸಲ ಹೋದಾಗ ಇಬ್ಬರೂ ಕೂತು ಎಣಿಸುತ್ತೇವೆ.

ಯಾವ ಹೊತ್ತಲ್ಲಿ ನುಂಗಬೇಕು ಅನ್ನುವುದೂ ಊರಿನ ವೇಳೆಗೇ ಹೊಂದಬೇಕು. ನಮ್ಮ ಕಡೆ ಹೊಲದ ಕೆಲಸ ಅಂದರೆ ಚಹಾ ಬೇಕೇ ಬೇಕು. ಚಹಾದ ಜೊತೆ ನುಂಗಿದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಗುಳಿಗೆ ಜೊತೆಗೂ ಆಗುವುದಿಲ್ಲ. ಅದಕ್ಕೆ ಕ್ಯಾಲ್ಸಿಯಂ ಬೆಳಿಗ್ಗೆ ಊಟದ ಜೊತೆ ಒಂದು, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಒಂದು. ಕೆಂಪು ಗುಳಿಗೆ ರಾತ್ರಿ ಊಟ ಆಗಿ ಒಂದೆರಡು ತಾಸು ಬಿಟ್ಟು, ಮಲಗುವ ಹೊತ್ತಿಗೆ. ಆಗ ತೊಳಸಿದರೂ ನಿದ್ದೆಯಲ್ಲಿ ಗೊತ್ತಾಗುವುದಿಲ್ಲ. ಈ ಜವಾಬ್ದಾರಿಯನ್ನು ನಾನು ಅತ್ತೆಗೇ ವಹಿಸುತ್ತೇನೆ. ‘ಅವ್ವಾ, ನಿಮ್ಮ ಕಾಲದಾಗ ಇದು ಇರಲಿಲ್ಲ. ಈಗ ನಿಮ್ಮ ಕೈಲೆ ಕೊಡ್ರಿ, ನೀವು ಕೊಟ್ರ ಆಕಿ ಬ್ಯಾಡ ಅನ್ನಂಗಿಲ್ಲ’ ಅಂತ ಹೇಳಿದರೆ ಬಹಳ ಮಂದಿ ಮನಸಾರೆ ಒಪ್ಪುತ್ತಾರೆ. ಅತ್ತೆಯಂದಿರನ್ನು ಬೈದು ಬರುವ ಸಿಸ್ಟರ್‌ಗಳನ್ನೂ ನೋಡಿದ್ದೇನೆ. ಅದರಿಂದ ಸೊಸೆಗೆ ಒಂದು ಗುಳಿಗೆಯೂ ಜಾಸ್ತಿ ಸಿಗುವುದಿಲ್ಲ.

ಗುಳಿಗೆ ಸರಿಯಾಗಿ ನುಂಗಿದರೆ ತಿಂಗಳಿಗೆ ಸುಮಾರು ಒಂದು ಗ್ರಾಂ ಹಿಮೋಗ್ಲೋಬಿನ್ ಏರಬೇಕು. ಏರದಿದ್ದರೆ ವೈದ್ಯರ ಹತ್ತಿರ ಕಳಿಸಬೇಕು. ಇಲ್ಲೊಂದು ತೊಂದರೆ ಇದೆ. ಸುಸ್ತು ಅಂದ ತಕ್ಷಣ ‘ಗ್ಲೂಕೋಸ್ ಬಾಟ್ಲಿ’ ಏರಿಸಿ ದುಡ್ಡು ತಗೊಳ್ಳುವವರು ಪ್ರತಿ ದೊಡ್ಡ ಊರಲ್ಲೂ ಇದ್ದಾರೆ. ಒಂದು ದಿನದ ಕೂಲಿಗಿಂತ ಜಾಸ್ತಿ ಅಲ್ಲಿ ಹೋಗುತ್ತದೆ. ಅದರಲ್ಲಿ ಇರುವುದು ಸಕ್ಕರೆ ನೀರು, ರಕ್ತ ಏರುವುದಿಲ್ಲ. ಇದನ್ನು ಪ್ರತಿ ಮನೆಯಲ್ಲೂ ಹೇಳುತ್ತೇನೆ. ಅದೇ ಬಾಯಲ್ಲಿ ಪುಂಡಿಪಲ್ಯ, ನುಗ್ಗೆಸೊಪ್ಪು, ಮೊಳಕೆ ಹೆಸರು, ಮೇಲೆ ಲಿಂಬಿಹಣ್ಣು ಹಿಂಡಿಕೊಳ್ಳುವುದನ್ನೂ ಹೇಳುತ್ತೇನೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿ ಊಟ 2017ರಿಂದ ಇದೆ. ಆದರೆ ಹೊಲಕ್ಕೆ ಹೋದವಳು ಮಧ್ಯಾಹ್ನ ಅಂಗನವಾಡಿಗೆ ಹೇಗೆ ಬರುತ್ತಾಳೆ ಹೇಳಿ. ಬರಲಿಲ್ಲ ಅಂತ ಆಕೆಯನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ.

ಮನೆ ಭೇಟಿಗೆ ಒಂದು ಕ್ರಮ ಇದೆ, ಅದನ್ನು ಯಾವ ಅವಸರದಲ್ಲೂ ಬಿಡಬಾರದು. ಮೊದಲು ಹಸುಗೂಸು, ಬಾಣಂತಿ. ಆಮೇಲೆ ಗರ್ಭಿಣಿ. ಆಮೇಲೆ ಸಣ್ಣ ಮಕ್ಕಳು, ಬಿ.ಪಿ., ಸಕ್ಕರೆ ಕಾಯಿಲೆಯ ಹಿರಿಯರು. ಜ್ವರ, ಕೆಮ್ಮು, ಕ್ಷಯ, ಕೀವು ತುಂಬಿದ ಗಾಯ ಎಲ್ಲಕ್ಕಿಂತ ಕೊನೆಗೆ. ದಾರಿಯಲ್ಲಿ ಕ್ಷಯ ರೋಗಿಯ ಮನೆ ಮೊದಲು ಸಿಗುತ್ತದೆ ಅಂತ ಅಲ್ಲಿಗೆ ಮೊದಲು ಹೋದರೆ, ಅದೇ ಕೈ, ಅದೇ ಸೀರೆಯಲ್ಲಿ ಹಸುಗೂಸನ್ನು ಎತ್ತಿಕೊಳ್ಳಬೇಕಾಗುತ್ತದೆ. ಎರಡು ಓಣಿ ಸುತ್ತಿದರೂ ಪರವಾಗಿಲ್ಲ.

ಬ್ಯಾಗಿನ ವಿಷಯವೂ ಹಾಗೇ. ಒಳಗೆ ಹೋದ ತಕ್ಷಣ ಹಳೇ ಪೇಪರ್ ಹಾಸಿ ಅದರ ಮೇಲೆ ಬ್ಯಾಗ್ ಇಡಬೇಕು. ಸಾಬೂನು, ಟವೆಲ್ ಮೊದಲು ಹೊರಗೆ ಬರಬೇಕು. ಕೈ ತೊಳೆದ ಮೇಲೆಯೇ ಬೇರೆ ಸಾಮಾನು ಮುಟ್ಟಬೇಕು. ಕೆಲಸ ಆದ ಮೇಲೆ ಮತ್ತೆ ಕೈ ತೊಳೆದು, ಬಳಸಿದ್ದನ್ನು ಒರೆಸಿ ಒಳಗಿಡಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ನೀರು ಕೊಡ ಹೊತ್ತು ತರುತ್ತಾರೆ. ಆದರೂ ಒಂದು ಚಂಬು ನೀರು ಕೇಳಿ ಕೈ ತೊಳೆಯುತ್ತೇನೆ. ಮನೆಯವರು ನೋಡುತ್ತಿರುತ್ತಾರೆ. ಕೂಸನ್ನು ಮುಟ್ಟುವ ಮುಂಚೆ ಕೈ ತೊಳೆಯಬೇಕು ಅಂತ ಬೇರೆ ಭಾಷಣ ಬೇಕಾಗುವುದಿಲ್ಲ.

ಜನರಿಂದ ಏನೂ ತಗೋಬಾರದು ಅಂತ ನಿಯಮ ಇದೆ. ದುಡ್ಡು, ಸೀರೆ, ಚೀಲದಲ್ಲಿ ಜೋಳ, ಯಾವುದನ್ನೂ ಮುಟ್ಟುವುದಿಲ್ಲ. ಆದರೆ ನೀರು, ಚಹಾ ಬೇರೆ ಮಾತು. ಎಲ್ಲ ಓಣಿಗಳಲ್ಲೂ ಕುಡಿಯುತ್ತೇನೆ, ದಲಿತರ ಕೇರಿಯಲ್ಲಿ ಮೊದಲು ಕುಡಿಯುತ್ತೇನೆ. ಊರೊಳಗೆ ಚಹಾ ಕುಡಿದು ಕೇರಿಯಲ್ಲಿ ‘ಬೇಡ, ಈಗ ಆಯ್ತು’ ಅಂದರೆ ಅಲ್ಲಿನ ಹೆಂಗಸರಿಗೆ ಅದರ ಅರ್ಥ ಗೊತ್ತಾಗುತ್ತದೆ. ಆಮೇಲೆ ಅವರು ನನಗೆ ಯಾವ ಕಷ್ಟವನ್ನೂ ಬಾಯಿ ಬಿಟ್ಟು ಹೇಳುವುದಿಲ್ಲ. ಜಾತಿ ನೋಡದೆ ಸೇವೆ ಅನ್ನುವುದು ಅಲ್ಲಿ, ಆ ಲೋಟದ ಮುಂದೆ ನಿರ್ಧಾರವಾಗುತ್ತದೆ.

ಬಾಣಂತಿ ಮನೆಯಲ್ಲಿ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ಆಸ್ಪತ್ರೆಯಲ್ಲಿ ಹೆರಿಗೆ ಆದರೆ 3, 7, 14, 21, 28 ಮತ್ತು 42ನೇ ದಿನ ಊರಿನ ಆಶಾ ಕಾರ್ಯಕರ್ತೆ ಹೋಗುತ್ತಾರೆ. ಸಾಧ್ಯವಾದಾಗ ಮೊದಲೆರಡು ಭೇಟಿಗೆ ನಾನೂ ಜೊತೆಗಿರುತ್ತೇನೆ, ಯಾಕೆಂದರೆ ಮೊದಲ ವಾರದಲ್ಲೇ ಅಪಾಯ ಜಾಸ್ತಿ. ಮನೆಯ ಪದ್ಧತಿಗಳನ್ನು ಮೊದಲು ಸುಮ್ನೆ ನೋಡುತ್ತೇನೆ. ಒಳ್ಳೆಯದನ್ನು ಹೊಗಳುತ್ತೇನೆ: ಕೂಸಿಗೆ ಕುಂಚಿಗೆ ಕಟ್ಟುವುದು, ತಾಯಿ ಮಗುವನ್ನು ಒಂದೇ ಕೋಣೆಯಲ್ಲಿ ಬೆಚ್ಚಗೆ ಇಡುವುದು, ಅಂಟಿನುಂಡಿ ಕೊಡುವುದು. ಕೆನ್ನೆಗೆ ದೃಷ್ಟಿ ಬೊಟ್ಟು ಇಟ್ಟರೆ ನನ್ನ ತಕರಾರಿಲ್ಲ. ಕಣ್ಣಿಗೆ ಕಾಡಿಗೆ ಬೇಡ ಅನ್ನುತ್ತೇನೆ. ಬಾಣಂತಿಗೆ ನೀರು ಕೊಟ್ಟರೆ ಶೀತ ಅಂತ ತಡೆದಿದ್ದರೆ, ಕಾಯಿಸಿದ ನೀರಾದರೂ ಹೊಟ್ಟೆ ತುಂಬ ಕೊಡಿ, ಹಾಲಿನಲ್ಲಿ ಹೆಚ್ಚಾಗಿ ಇರುವುದು ನೀರೇ ಅಲ್ವಾ ಅಂತ ಹೇಳಿದರೆ ಕೇಳುತ್ತಾರೆ.

ಕೆಲವಕ್ಕೆ ಮಾತ್ರ ರಾಜಿ ಇಲ್ಲ. ಮೊದಲ ಹಳದಿ ಹಾಲು ಹಿಂಡಿ ಚೆಲ್ಲುವುದು, ಹೊಕ್ಕುಳಿಗೆ ಬೂದಿ ಹಚ್ಚುವುದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು, ಹೊಟ್ಟೆ ಉಬ್ಬಿತು ಅಂತ ಬಳೆ ಕಾಯಿಸಿ ಬರೆ ಹಾಕುವುದು. ಬರೆ ಹಾಕಿಸಿಕೊಂಡ ಕೂಸನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು ಆ ಸಂಕಟ. ಹೊಟ್ಟೆ ಉಬ್ಬಿದ್ದರೆ, ಹಾಲು ಚೀಪದಿದ್ದರೆ, ಮೈ ತಣ್ಣಗಾದರೆ, ಒಂದು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ಆಸ್ಪತ್ರೆಯ ಕೆಲಸ. 108ಕ್ಕೆ ಫೋನ್ ಮಾಡುವುದನ್ನು ಅಜ್ಜಿಗೂ ಕಲಿಸಿ ಬರುತ್ತೇನೆ. ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದ ಕೂಸನ್ನು ಬಟ್ಟೆ ಇಲ್ಲದೆ ತಾಯಿಯ ಎದೆಗೆ ಅಂಟಿಸಿ, ಮೇಲೆ ಸೀರೆ ಸುತ್ತಿ ಕೂರಿಸುತ್ತೇನೆ. ಇದಕ್ಕೆ ಅಪ್ಪನ ಎದೆಯೂ ಆಗುತ್ತದೆ. ಮೊದಲು ನಾಚಿಕೊಂಡ ಗಂಡಸರು ಆಮೇಲೆ ತಾವೇ ಕೂಸನ್ನು ಕೇಳುತ್ತಾರೆ.

ಇನ್ನು ಗುಳೆ. ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಸುಗ್ಗಿ ಮುಗಿದ ಮೇಲೆ ಲಿಂಗಸುಗೂರು ಕಡೆಯ ಹಳ್ಳಿಗಳಿಂದ ಜನ ಬೆಂಗಳೂರು, ಪುಣೆ, ಗೋವಾಕ್ಕೆ ಹೋಗುತ್ತಾರೆ. ಕಟ್ಟಡ ಕೆಲಸ, ರಸ್ತೆ ಕೆಲಸ. ಗರ್ಭಿಣಿಯೂ ಹೋಗುತ್ತಾಳೆ, ಎದೆಹಾಲು ಕುಡಿಯುವ ಕೂಸೂ ಹೋಗುತ್ತದೆ. ಹೋಗಬೇಡಿ ಅನ್ನಲು ನಾನ್ಯಾರು? ಊರಲ್ಲಿ ಕೂಲಿ ಇಲ್ಲ.

ಅದಕ್ಕೆ ದೀಪಾವಳಿ ಆದ ಮೇಲೆ ಆಶಾ, ಅಂಗನವಾಡಿ ಅಕ್ಕ, ನಾನು ಮೂವರೂ ಕೂತು ಈ ಸಲ ಯಾರು ಹೋಗಬಹುದು ಅಂತ ಪಟ್ಟಿ ಮಾಡುತ್ತೇವೆ. ಜನರನ್ನು ಕರೆದುಕೊಂಡು ಹೋಗುವ ಮೇಸ್ತ್ರಿ ಯಾರು, ಯಾವ ಊರು, ಅವನ ನಂಬರ್ ಏನು ಅಂತ ಬರೆದುಕೊಳ್ಳುತ್ತೇವೆ. ಹೋಗುವ ಮುಂಚೆ ಬಾಕಿ ಇರುವ ಲಸಿಕೆ ಹಾಕುತ್ತೇವೆ. ಐದು ರೋಗಗಳಿಗೆ ಒಂದೇ ಲಸಿಕೆಯಾದ ಪೆಂಟಾವೇಲೆಂಟ್ ಡೋಸ್‌ಗಳ ನಡುವೆ ನಾಲ್ಕು ವಾರ ಆಗಿರಬೇಕು, ಅದನ್ನು ನೋಡಿಕೊಳ್ಳುತ್ತೇವೆ. ಗರ್ಭಿಣಿಗೆ ಗುಳಿಗೆ ಒಟ್ಟಿಗೇ ಕೊಟ್ಟು ಕಳಿಸುತ್ತೇವೆ. ಗರ್ಭಿಣಿಯ ತಪಾಸಣೆ, ಮಗುವಿನ ಲಸಿಕೆ ಬರೆಯುವ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದರ ಫೋಟೋವನ್ನು ಗಂಡನ ಫೋನಿನಲ್ಲೂ ತೆಗೆದಿಡುತ್ತೇವೆ. ಮಳೆಗೆ ಶೆಡ್ಡು ಸೋರಿ ಕಾರ್ಡು ಹಾಳಾದರೂ ಫೋಟೋ ಉಳಿಯುತ್ತದೆ.

ವಾಪಸ್ ಬರುವ ಹೊತ್ತೂ ಗೊತ್ತಿರಬೇಕು. ಯುಗಾದಿಗೆ ಬರುತ್ತಾರೆ. ಮೊಹರಂಗೆ ತಪ್ಪದೆ ಬರುತ್ತಾರೆ. ಮುದಗಲ್ ಮೊಹರಂ ನಮ್ಮ ಸೀಮೆಗೆಲ್ಲ ಹೆಸರುವಾಸಿ, ಹಳ್ಳಿ ಹಳ್ಳಿಯಲ್ಲೂ ಅಲಾಯಿ ಕುಣಿಯುತ್ತಾರೆ, ಹಿಂದೂ ಮುಸ್ಲಿಂ ಅನ್ನದೆ. ಈ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ, ಹಾಗಾಗಿ ಪ್ರತಿ ವರ್ಷ ಕ್ಯಾಲೆಂಡರ್ ನೋಡಿ ಲಸಿಕೆ ದಿನ ಹೊಂದಿಸುತ್ತೇವೆ. ಹಬ್ಬದ ಹಿಂದಿನ ದಿನಗಳಲ್ಲಿ ಅಂಗನವಾಡಿ ತುಂಬುತ್ತದೆ. ತಪ್ಪಿದ ಮಕ್ಕಳು ಎಷ್ಟೋ ಸಿಗುತ್ತಾರೆ. ತಡವಾದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತ ಕಡೆಯಿಂದ ಮುಂದುವರಿಸಬೇಕು. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೂ ಕೊಡಬಹುದು. ‘ಟೈಮ್ ಮುಗೀತು’ ಅಂತ ಯಾವ ತಾಯಿಯನ್ನೂ ವಾಪಸ್ ಕಳಿಸಬಾರದು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಮಕ್ಕಳಿಗೆ ಒಂಬತ್ತು ತಿಂಗಳಿಗೆ ಮೆದುಳು ಜ್ವರದ ಲಸಿಕೆಯೂ ಇದೆ. ಆ ರೋಗ ಹರಡುವ ಸೊಳ್ಳೆ ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುತ್ತದೆ. ಕಾಲುವೆ ಕಡೆ ಕೂಲಿಗೆ ಹೋಗುವ ಕುಟುಂಬಗಳ ಮಕ್ಕಳಿಗೆ ಇದು ತಪ್ಪಲೇಬಾರದು.

ಬೆಂಗಳೂರಲ್ಲಿ, ಪುಣೆಯಲ್ಲಿ ಕೆಲಸ ಮಾಡುವ ಸಿಸ್ಟರ್‌ಗಳಲ್ಲಿ, ಆಶಾ ಅಕ್ಕಂದಿರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಏರಿಯಾದಲ್ಲಿ ಹೊಸ ಕಟ್ಟಡ ಏಳುತ್ತಿದ್ದರೆ, ಪಕ್ಕದಲ್ಲಿ ತಗಡಿನ ಶೆಡ್ಡು ಕಂಡರೆ, ಒಮ್ಮೆ ಒಳಗೆ ಹೋಗಿ. ಬೆಳಿಗ್ಗೆ ಎಂಟರ ಒಳಗೆ ಹೋಗಿ, ಆಮೇಲೆ ಯಾರೂ ಸಿಗುವುದಿಲ್ಲ. ವಿಳಾಸ ಇಲ್ಲ, ಆಧಾರ್ ಬೇರೆ ಊರಿನದು ಅಂತ ಬಿಡಬೇಡಿ, ಲಸಿಕೆಗೆ ಅದು ಅಡ್ಡಿ ಅಲ್ಲ. ತಾಯಿ ಕಾರ್ಡ್ ಕೇಳಿ. ಅದರ ಮೇಲೆ ನಮ್ಮ ಆಶಾ ನಂಬರ್ ಬರೆದು ಕಳಿಸಿರುತ್ತೇವೆ. ಒಂದು ಫೋನ್ ಮಾಡಿದರೆ ಆ ಮಗುವಿಗೆ ಯಾವ ಡೋಸ್ ಆಗಿದೆ, ಯಾವುದು ಬಾಕಿ ಅಂತ ನಾವು ಅಲ್ಲೇ ಹೇಳುತ್ತೇವೆ.