ಸೀರೆಯ ಅಂಚನ್ನು ಉಲ್ಲನ್ ಟೋಪಿಗೆ ಇಳಿಸುವುದು ಹೇಗೆ?

ನಿಟ್ಟಿಂಗ್ ಚೆನ್ನಾಗಿ ಬರುವವರೂ ಒಂದು ಕಡೆ ಎಡವುತ್ತಾರೆ. ಪ್ಯಾಟರ್ನ್ ಪುಸ್ತಕ ಎದುರಿಗಿದ್ದರೆ ಎಂಥ ಸ್ವೆಟರನ್ನಾದರೂ ಹೆಣೆಯುತ್ತಾರೆ. ಆದರೆ ಫ್ಯಾಷನ್ ಶೋ ಫೋಟೊದಲ್ಲಿ ಕಂಡದ್ದನ್ನೋ, ಅಮ್ಮನ ಸೀರೆಯ ಅಂಚನ್ನೋ ತಾವೇ ಹೆಣಿಗೆಗೆ ತರಲು ಹೋದಾಗ ಗೋಪುರ ಚಪ್ಪಟೆಯಾಗುತ್ತದೆ, ಆನೆ ಕುಳ್ಳಾಗುತ್ತದೆ. ‘ನನಗೆ ಡಿಸೈನ್ ಮಾಡೋಕೆ ಬರಲ್ಲ’ ಅಂತ ಎಲ್ಲ ಬಿಚ್ಚಿ ಉಂಡೆ ಸುತ್ತಿಟ್ಟುಬಿಡುತ್ತಾರೆ. ಕಲಿಯಲು ಬರುವವರಲ್ಲಿ ಇದನ್ನು ಮತ್ತೆ ಮತ್ತೆ ನೋಡಿ ಬೇಜಾರಾಗುತ್ತದೆ. ಅವರ ಕಲ್ಪನೆಯಲ್ಲಿ ತಪ್ಪೇನೂ ಇರುವುದಿಲ್ಲ. ತಪ್ಪಿರುವುದು ಡಿಸೈನ್ ಬರೆದುಕೊಳ್ಳುವ ಗ್ರಾಫ್ ಹಾಳೆಯಲ್ಲಿ.

ಮೊದಲು: ಒಂದನ್ನೇ ಆರಿಸಿ

ಫ್ಯಾಷನ್ ಫೋಟೊ ನೋಡಿ ಇಡೀ ಉಡುಪನ್ನು ನಕಲು ಮಾಡಲು ಹೋಗಬೇಡಿ. ಅದರಲ್ಲಿ ನಿಮ್ಮ ಕಣ್ಣು ಎಲ್ಲಿ ನಿಂತಿತು ಅಂತ ನೋಡಿ. ಬಣ್ಣ ಜೋಡಿಸಿದ ಕ್ರಮವೇ? ಕೊರಳಿನ ಆಕಾರವೇ? ತೋಳಿನ ಉಬ್ಬೇ? ಒಂದನ್ನು ಮಾತ್ರ ಎತ್ತಿಕೊಂಡು, ಒಂದು ಸಾಲಿನಲ್ಲಿ ಬರೆದಿಡಿ. ಬರೆಯಲು ಆಗದಿದ್ದರೆ ನೀವು ಇನ್ನೂ ಆರಿಸಿಲ್ಲ ಅಂತ ಅರ್ಥ.

ಫ್ಯಾಷನ್ ಡಿಸೈನರ್ ಎಲ್ಸಾ ಸ್ಕಿಯಾಪರೆಲ್ಲಿ 1927ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಮಾಡಿದ್ದೇ ಹೀಗೆ. ಕಪ್ಪು ಸ್ವೆಟರ್, ಕೊರಳ ಕೆಳಗೆ ಬಿಳಿ ಬೋ. ಆ ಬೋ ಕಟ್ಟಿದ್ದಲ್ಲ, ಹೆಣಿಗೆಯಲ್ಲೇ ಮೂಡಿಸಿದ ಚಿತ್ರ. ಜನ ದಿನಾ ಕೊರಳಿಗೆ ಕಟ್ಟುತ್ತಿದ್ದದ್ದನ್ನೇ ಅವರು ಚಿತ್ರವಾಗಿ ಇಳಿಸಿದರು, ಅಷ್ಟೇ. ಹೆಣೆದುಕೊಟ್ಟವರು ಪ್ಯಾರಿಸ್‌ನಲ್ಲಿದ್ದ ಆರ್ಮೇನಿಯಾದ ಹೆಣಿಗೆಗಾರ್ತಿ ಆರೂಸಿಯಾಗ್ ಮಿಕೇಲಿಯನ್. ಮೊದಲ ಎರಡು ಸ್ವೆಟರ್ ಮನಸ್ಸಿಗೆ ಬರಲಿಲ್ಲ, ಮೂರನೆಯದು ಗೆದ್ದಿತು. ಆ ಹೆಣಿಗೆಗಾರ್ತಿಯ ಹೆಸರನ್ನೂ ನೆನಪಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇಟಲಿಯ ಒಟ್ಟಾವಿಯೊ ಮತ್ತು ರೊಸಿಟಾ ಮಿಸ್ಸೋನಿ ದಂಪತಿ 1953ರಲ್ಲಿ ಶುರು ಮಾಡಿದ ಕಂಪನಿಯ ಅಂಕುಡೊಂಕು ಪಟ್ಟೆಗಳನ್ನು ನೀವು ನೋಡಿರಬಹುದು. ಹೊಸಬರಿಗೆ ಇದೇ ಸರಿ. ಒಂದು ಸಾಲಿಗೆ ಒಂದೇ ಬಣ್ಣ. ಒಂದು ಕಡೆ ಸ್ಟಿಚ್ ಹೆಚ್ಚಿಸುತ್ತಾ, ಇನ್ನೊಂದು ಕಡೆ ಎರಡನ್ನು ಸೇರಿಸಿ ಹೆಣೆಯುತ್ತಾ ಹೋದರೆ ಸಾಲು ತಾನಾಗಿಯೇ ಏರಿಳಿಯುತ್ತದೆ. ಗ್ರಾಫ್ ಬೇಕಾಗಿಲ್ಲ, ಮನೆಯಲ್ಲಿ ಮಿಕ್ಕ ಉಂಡೆಗಳೂ ಖರ್ಚಾಗುತ್ತವೆ.

2020ರಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್ ತೊಟ್ಟ ಬಣ್ಣದ ಚೌಕಗಳ ಕಾರ್ಡಿಗನ್ ನೋಡಿ ಜನ ಮನೆಮನೆಯಲ್ಲಿ ಹೆಣೆಯತೊಡಗಿದರು. ಅದನ್ನು ಮಾಡಿದ ಜೆ.ಡಬ್ಲ್ಯೂ. ಆಂಡರ್ಸನ್ ಬ್ರ್ಯಾಂಡ್ ಪ್ಯಾಟರ್ನನ್ನೇ ಉಚಿತವಾಗಿ ಕೊಟ್ಟಿತು. ಎಲ್ಲರೂ ಹಾಗೆ ಕೊಡುವುದಿಲ್ಲ. ಇಷ್ಟವಾದದ್ದನ್ನು ನಿಮಗಾಗಿ ಹೆಣೆದುಕೊಳ್ಳಿ. ಬೇರೆಯವರ ಡಿಸೈನನ್ನು ಹಾಗೇ ಹೆಣೆದು ಮಾರುವುದು ಮಾತ್ರ ಬೇಡ.

ಸುತ್ತಮುತ್ತ ಹುಡುಕುವವರಿಗಂತೂ ನಮ್ಮಲ್ಲಿ ಬರವೇ ಇಲ್ಲ. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ, ಹಳೆ ಮನೆಯ ಮೊಸಾಯಿಕ್ ನೆಲ, ಕಿಟಕಿಯ ಸರಳು. ಚುಕ್ಕಿ ಸೇರಿಸಿ ನಕ್ಷತ್ರ, ಚೌಕ ಮಾಡುವ ರಂಗೋಲಿ ಸಲೀಸು. ಚುಕ್ಕಿಯ ಸುತ್ತ ಗೆರೆ ಬಳಸಿಕೊಂಡು ಹೋಗುವಂಥದ್ದು ಕಷ್ಟ.

ಧಾರವಾಡದ ಕಸೂತಿಯನ್ನು ಎಳೆ ಎಣಿಸಿ ಹಾಕುತ್ತಾರೆ. ಹಾಗಾಗಿ ಅದು ಹೆಣಿಗೆಗೆ ಹೇಳಿ ಮಾಡಿಸಿದ್ದು ಅನಿಸುತ್ತದೆ. ಪೂರ್ತಿ ನಿಜವಲ್ಲ. ಕಸೂತಿಯ ಗವಂತಿ, ಮುರ್ಗಿ ಎಂಬ ಹೊಲಿಗೆಗಳಲ್ಲಿ ಚಿತ್ರ ಮೂಡುವುದು ಬರೀ ಗೆರೆಯಲ್ಲಿ. ಹೆಣಿಗೆಯಲ್ಲಿ ಗೆರೆ ಸಿಗುವುದಿಲ್ಲ, ತುಂಬಿದ ಚೌಕ ಸಿಗುತ್ತದೆ. ಆದ್ದರಿಂದ ನೇಯ್ಗಿ ಎಂಬ ಹೊಲಿಗೆಯಲ್ಲಿ ಹಾಕಿದ ತುಂಬು ಡಿಸೈನ್ ಆರಿಸಿ. ಗವಂತಿಯೇ ಬೇಕೆಂದರೆ ಸಾದಾ ಸ್ವೆಟರ್ ಹೆಣೆದು, ಅದರ ಮೇಲೆ ಸೂಜಿಯಲ್ಲಿ ಹಾಕಿ.

ಎರಡನೆಯದು: ಫೋಟೊ, ಬಣ್ಣ, ದಾರ

ಫೋಟೊ ನೇರ ಎದುರಿನಿಂದ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇರಲಿ.

ಎರಡೇ ಬಣ್ಣ ಸಾಕು. ಸ್ಕಾಟ್ಲೆಂಡ್‌ನ ಫೇರ್ ಐಲ್ ಸ್ವೆಟರ್‌ನಲ್ಲಿ ಎಷ್ಟು ಬಣ್ಣ ಕಂಡರೂ ಒಂದು ಸಾಲಿನಲ್ಲಿ ಇರುವುದು ಎರಡೇ. ಉಂಡೆಗಳನ್ನು ಪಕ್ಕಪಕ್ಕ ಇಟ್ಟು ಮೊಬೈಲ್‌ನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಕಡುಗೆಂಪು, ಕಡುಹಸಿರು ಕಣ್ಣಿಗೆ ಬೇರೆ ಬೇರೆ. ಫೋಟೊದಲ್ಲಿ ಎರಡೂ ಒಂದೇ ಬೂದು ಬಣ್ಣ ಬಂದರೆ ಆ ಜೋಡಿ ಬಿಟ್ಟುಬಿಡಿ. ಸ್ವಲ್ಪ ದೂರ ನಿಂತರೆ ಡಿಸೈನೇ ಕಾಣುವುದಿಲ್ಲ.

ದಾರ ಕೊಳ್ಳುವಾಗ ಲೇಬಲ್ ಓದಿ. ‘ಬೇಬಿ ವುಲ್’ ಅಂತ ಬರೆದಿದ್ದರೂ ಎಷ್ಟೋ ಸಲ ಒಳಗಿರುವುದು ಅಕ್ರಿಲಿಕ್. ಮಿರಮಿರ ಹೊಳೆಯುವ ಅಗ್ಗದ ಅಕ್ರಿಲಿಕ್ ಬೇಡವೇ ಬೇಡ. ಸ್ಟಿಚ್ ಜಾರುತ್ತದೆ, ಎರಡು ಬಣ್ಣ ಒಂದಕ್ಕೊಂದು ಅಂಟಿ ಕೂರುವುದಿಲ್ಲ. ಸ್ವಲ್ಪ ಜುಂಗು ಇರುವ ಉಣ್ಣೆ ದಾರವೇ ಒಳ್ಳೆಯದು. ಬಿಳಿಯ ಜೊತೆ ಕೆಂಪು ಹಾಕುವುದಾದರೆ, ಕೆಂಪು ದಾರದ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅಂಗಡಿಗೆ ವಾಪಸ್ ಕೊಡಿ.

ಕಡ್ಡಿಯ ನಂಬರ್ ಬಗ್ಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಕೇಳುವ ಹಳೆ ಬ್ರಿಟಿಷ್ ಲೆಕ್ಕದ 8ನೇ ನಂಬರ್ ಅಂದರೆ 4 ಮಿ.ಮೀ. ಅಮೆರಿಕದ ಪ್ಯಾಟರ್ನ್‌ನಲ್ಲಿ 8 ಅಂದರೆ 5 ಮಿ.ಮೀ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಪೂರ, ಅಮೆರಿಕದ್ದು ತದ್ವಿರುದ್ಧ. ನಂಬರ್ ಮರೆತು ಮಿ.ಮೀ.ಯಲ್ಲೇ ಕೇಳಿ.

ಮೂರನೆಯದು: ಸ್ಯಾಂಪಲ್, ಗ್ರಾಫ್

ಎಲ್ಲರೂ ಅವಸರ ಮಾಡುವುದು ಇಲ್ಲೇ. ಇಲ್ಲಿ ಒಂದು ಸಂಜೆ ಕೊಡಿ.

ಹೆಣಿಗೆಯ ಒಂದು ಸ್ಟಿಚ್ ಚೌಕವಾಗಿರುವುದಿಲ್ಲ. ಸಾಮಾನ್ಯವಾಗಿ ಅಗಲ ಜಾಸ್ತಿ, ಎತ್ತರ ಕಡಿಮೆ. ಸ್ಕೂಲಿನ ಗ್ರಾಫ್ ಹಾಳೆಯಲ್ಲಿ ಚೌಕಗಳು ಸಮ. ಅದರ ಮೇಲೆ ಬರೆದ ದುಂಡು ಕಮಲ ಹೆಣೆದಾಗ ಅದುಮಿಟ್ಟಂತೆ ಕಾಣುವುದು ಇದಕ್ಕೇ.

ಮೊದಲು ಸ್ಯಾಂಪಲ್ ಹೆಣೆಯಿರಿ. ಕನಿಷ್ಠ 15 ಸೆಂ.ಮೀ. ಅಗಲ, ಅಷ್ಟೇ ಎತ್ತರ ಇರಲಿ. ನಿಮ್ಮ ಡಿಸೈನ್ ಎರಡು ಬಣ್ಣದ್ದಾದರೆ ಸ್ಯಾಂಪಲ್ ಕೂಡ ಎರಡು ಬಣ್ಣದ್ದೇ ಆಗಬೇಕು, ಯಾಕೆಂದರೆ ಎರಡು ಬಣ್ಣ ಹೆಣೆಯುವಾಗ ಕೈ ಬಿಗಿಯಾಗುತ್ತದೆ. ಟೋಪಿಯಂತೆ ಸುತ್ತಿನಲ್ಲಿ ಹೆಣೆಯುವ ವಸ್ತುವಾದರೆ ಸ್ಯಾಂಪಲ್‌ನಲ್ಲಿ ಉಲ್ಟಾ ಸಾಲು ಬರಬಾರದು. ಅದಕ್ಕೊಂದು ಉಪಾಯ ಇದೆ. ಸರ್ಕ್ಯುಲರ್ ಕಡ್ಡಿಯಲ್ಲಿ (ಬಳುಕುವ ತಂತಿಯಿಂದ ಸೇರಿಸಿದ ಜೋಡಿ ಕಡ್ಡಿ) ಸಾಲು ಮುಗಿದ ಮೇಲೆ ತಿರುಗಿಸಬೇಡಿ. ಸ್ಟಿಚ್‌ಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ದಾರವನ್ನು ಹಿಂದಿನಿಂದ ಸಡಿಲವಾಗಿ ತಂದು, ಮತ್ತೆ ಸೀದಾ ಸಾಲೇ ಹೆಣೆಯಿರಿ. ಹಿಂದೆ ದಾರಗಳು ಜೋತಾಡುತ್ತವೆ, ಆಡಲಿ. ಆಮೇಲೆ ತೊಳೆದು, ಚಪ್ಪಟೆಯಾಗಿ ಹಾಸಿ ಒಣಗಿಸಿ. ತೊಳೆಯದೆ ಅಳೆದ ಅಳತೆ ಅಳತೆಯೇ ಅಲ್ಲ. ಅಂಚು ಸುರುಳಿ ಸುತ್ತಿರುತ್ತದೆ, ಅದನ್ನು ಬಿಟ್ಟು ನಡುವಿನ 10 ಸೆಂ.ಮೀ.ಯಲ್ಲಿ ಅಡ್ಡಕ್ಕೆ ಸ್ಟಿಚ್, ಉದ್ದಕ್ಕೆ ಸಾಲು ಎಣಿಸಿ.

22 ಸ್ಟಿಚ್, 28 ಸಾಲು ಬಂತು ಅಂತ ಇಟ್ಟುಕೊಳ್ಳಿ. ಈಗ ಸೀರೆಯ ಟೆಂಪಲ್ ಬಾರ್ಡರ್ ತೆಗೆದುಕೊಳ್ಳೋಣ. ಗೋಪುರದ ಬುಡ 7 ಸ್ಟಿಚ್, ಮೇಲೆ ಹೋದಂತೆ 5, 3, 1. ಒಂದೊಂದನ್ನು ಎರಡು ಸಾಲು ಹೆಣೆದರೆ ಒಟ್ಟು 8 ಸಾಲು. ಗ್ರಾಫ್ ಹಾಳೆಯಲ್ಲಿ ಅಗಲ 7 ಚೌಕ, ಎತ್ತರ 8 ಚೌಕ. ಗೋಪುರ ಎತ್ತರವಾಗಿಯೇ ಕಾಣುತ್ತದೆ, ಅಲ್ವಾ? ಹೆಣೆದು ನೋಡಿ. ಅಗಲ ಸುಮಾರು 3.2 ಸೆಂ.ಮೀ., ಎತ್ತರ 2.9 ಸೆಂ.ಮೀ. ಎತ್ತರಕ್ಕಿಂತ ಅಗಲವೇ ಹೆಚ್ಚಾಯಿತು. ಒಂದೊಂದನ್ನು ಮೂರು ಸಾಲು ಹೆಣೆಯಿರಿ. 12 ಸಾಲಿಗೆ 4.3 ಸೆಂ.ಮೀ. ಎತ್ತರ. ಈಗ ಅದು ಗೋಪುರ. ಹಾಳೆಯ ಮೇಲೆ ಸಪೂರ ಕಂಬದಂತೆ ಕಂಡರೆ ಹೆದರಬೇಡಿ.

ಪ್ರತಿ ಸಲ ಈ ಲೆಕ್ಕ ಬೇಡ ಅನಿಸಿದರೆ ಹಾಳೆಯನ್ನೇ ನಿಮ್ಮ ಕೈ ಹೆಣಿಗೆಗೆ ಹೊಂದಿಸಿಕೊಳ್ಳಿ. ಬಿಳಿ ಹಾಳೆಯಲ್ಲಿ 10 ಸೆಂ.ಮೀ. ಚೌಕ ಬರೆದು, ಅಡ್ಡಕ್ಕೆ 22 ಭಾಗ, ಉದ್ದಕ್ಕೆ 28 ಭಾಗ ಮಾಡಿ. ಅದರ ಮೇಲೆ ಬರೆದ ಚಿತ್ರ ಹೆಣಿಗೆಯಲ್ಲೂ ಹಾಗೇ, ಅದೇ ಅಳತೆಯಲ್ಲಿ ಬರುತ್ತದೆ. ಕಂಪ್ಯೂಟರ್ ಇದ್ದರೆ ಎಕ್ಸೆಲ್‌ನಲ್ಲಿ ಕಾಲಂ ಅಗಲ 28 ಪಿಕ್ಸೆಲ್, ಸಾಲಿನ ಎತ್ತರ 22 ಪಿಕ್ಸೆಲ್ ಇಡಿ. ಅಂಕಿ ಅದಲುಬದಲಾಗಿದೆ ಅಂದುಕೊಳ್ಳಬೇಡಿ, ಅಗಲ ಜಾಸ್ತಿ ಬೇಕಲ್ಲ. ಫೋಟೊ ಹಾಕಿದರೆ ಚಾರ್ಟ್ ಮಾಡಿಕೊಡುವ ಆ್ಯಪ್‌ಗಳನ್ನು ನಾನು ಒಪ್ಪುವುದಿಲ್ಲ. ಒಂಟಿ ಸ್ಟಿಚ್‌ಗಳನ್ನು ಅಲ್ಲಲ್ಲಿ ಎರಚಿ ಕೊಡುತ್ತವೆ, ಅದನ್ನು ಹೆಣೆಯುವವರ ಗೋಳು ಅವಕ್ಕೆ ಗೊತ್ತಿಲ್ಲ.

ಚಾರ್ಟ್ ಮುಗಿದ ಮೇಲೆ ಪ್ರತಿ ಸಾಲಿನಲ್ಲೂ ಒಂದೇ ಬಣ್ಣ ಎಷ್ಟು ಸ್ಟಿಚ್ ಓಡುತ್ತದೆ ಅಂತ ನೋಡಿ. ಅಷ್ಟು ದೂರ ಇನ್ನೊಂದು ಬಣ್ಣದ ದಾರ ಹಿಂದೆ ಜೋತಿರುತ್ತದೆ. 5 ದಾಟಿದರೆ ಬೆರಳು, ಉಂಗುರ ಸಿಕ್ಕಿಕೊಳ್ಳುತ್ತದೆ. ಗೋಪುರಗಳ ನಡುವೆ 1 ಸ್ಟಿಚ್ ಬಿಟ್ಟರೆ ನಮ್ಮ ಗೋಪುರದ ಬುಡದಲ್ಲೂ ತುದಿಯಲ್ಲೂ 7 ಓಡುತ್ತದೆ, ಹಾಗಾಗಿ ನಡುವೆ ಒಂದು ಸಲ ಹಿಂದಿನ ದಾರವನ್ನು ಸಿಕ್ಕಿಸಿಕೊಳ್ಳಿ. ಪ್ರತಿ ಸಾಲಿನಲ್ಲೂ ಒಂದೇ ಜಾಗದಲ್ಲಿ ಸಿಕ್ಕಿಸಬೇಡಿ, ಮುಂದೆ ಕಲೆಯಂತೆ ಕಾಣುತ್ತದೆ.

ನಾಲ್ಕನೆಯದು: ಟೋಪಿ

ಮೊದಲ ಸಲವೇ ಸ್ವೆಟರ್‌ಗೆ ಕೈ ಹಾಕಬೇಡಿ. ಟೋಪಿ ಸಾಕು. ಗೋಪುರದ 7, ನಡುವೆ 1, ಸೇರಿ 8 ಸ್ಟಿಚ್. 112 ಸ್ಟಿಚ್ ಹಾಕಿದರೆ 14 ಗೋಪುರ ಸರಿಯಾಗಿ ಕೂರುತ್ತವೆ, ಮೇಲಿನ 22 ಸ್ಟಿಚ್‌ನ ಲೆಕ್ಕದಲ್ಲಿ ಸುತ್ತಳತೆ 51 ಸೆಂ.ಮೀ. ಆಗುತ್ತದೆ. ದೊಡ್ಡವರ ತಲೆಗೆ ಹಿಡಿದಂತೆ ಕೂರುತ್ತದೆ.

3.25 ಮಿ.ಮೀ. ಕಡ್ಡಿಯಲ್ಲಿ 4 ಸೆಂ.ಮೀ. ರಿಬ್ (ಸೀದಾ, ಉಲ್ಟಾ ಸ್ಟಿಚ್ ಬೆರೆಸಿದ ಹಿಗ್ಗುವ ಪಟ್ಟಿ), ಆಮೇಲೆ 4 ಮಿ.ಮೀ. ಕಡ್ಡಿಯಲ್ಲಿ ಎರಡು ಸಾದಾ ಸುತ್ತು, ಆಮೇಲೆ 12 ಸುತ್ತು ಗೋಪುರ. ಗೋಪುರದ ಬಣ್ಣದ ದಾರ ಯಾವಾಗಲೂ ಕೆಳಗಿನಿಂದ ಬರಲಿ, ಆ ಬಣ್ಣ ಎದ್ದು ಕಾಣುತ್ತದೆ. ನಡುವೆ ಅದಲುಬದಲು ಮಾಡಿದರೆ ಒಂದು ಕಡೆ ಗೋಪುರ ತುಂಬಿಕೊಂಡು, ಇನ್ನೊಂದು ಕಡೆ ಸೊರಗಿ ಕಾಣುತ್ತದೆ. ಬಣ್ಣ ಬದಲಿಸುವ ಮುನ್ನ ಬಲಗಡ್ಡಿಯ ಮೇಲಿನ ಸ್ಟಿಚ್‌ಗಳನ್ನು ಬೆರಳಿನಿಂದ ಹರಡಿಕೊಳ್ಳಿ, ಇಲ್ಲದಿದ್ದರೆ ಹಿಂದಿನ ದಾರ ಬಿಗಿದು ಟೋಪಿ ಸುಕ್ಕಾಗುತ್ತದೆ.

ಒಟ್ಟು 13 ಸೆಂ.ಮೀ. ಆಗುವವರೆಗೆ ಸಾದಾ ಹೆಣೆಯಿರಿ. ಆಮೇಲೆ 12 ಹೆಣೆದು 2 ಸೇರಿಸಿ, ಸುತ್ತಲೂ ಹೀಗೇ. ಮುಂದಿನ ಸುತ್ತು ಸಾದಾ. ಅದರ ಮುಂದೆ 11 ಹೆಣೆದು 2 ಸೇರಿಸಿ. ಹೀಗೆ ಸುತ್ತು ಬಿಟ್ಟು ಸುತ್ತು ಕಡಿಮೆ ಮಾಡುತ್ತಾ 8 ಸ್ಟಿಚ್ ಉಳಿದಾಗ ದಾರ ಕತ್ತರಿಸಿ, ಎಲ್ಲದರೊಳಗೂ ತೂರಿಸಿ ಎಳೆದು ಗಂಟು ಹಾಕಿ. ಸುತ್ತು ಚಿಕ್ಕದಾದ ಮೇಲೆ ಎರಡೂ ತುದಿ ಚೂಪಾದ ಗಿಡ್ಡ ಕಡ್ಡಿಗಳ ಸೆಟ್‌ಗೆ ಬದಲಾಯಿಸಿಕೊಳ್ಳಬೇಕು.

ತಣ್ಣೀರಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ಬೋರಲು ಹಾಕಿದ ಬಟ್ಟಲಿನ ಮೇಲೆ ನೆರಳಲ್ಲಿ ಒಣಗಿಸಿ. ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ.